ಬಿಳಿಯೆಳೆ ಕಟ್ಟೆ

ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ಇಳಿದ್ರೆ ಮಣ್ಣಿನ ದಾರಿ, ದಾರಿ ಮುಗಿಯೋ ಕಡೆ ಬೋಳು ಬಂಡೆಗುಡ್ಡ, ಗುಡ್ಡದ ಮಗ್ಗುಲಿಗೆ ಕುರುಬರ ಹಟ್ಟಿ, ಹಟ್ಟಿ ಕೆಳಗೆ ಒಂದು ಕಟ್ಟೆ. ಈ ಸೀಮೇಲಿ ಕಟ್ಟೆ ಅಂದ್ರೆ ಕೆರೆಯ ತಮ್ಮ. ಕೆರೆಯಷ್ಟು ಹೊಟ್ಟೆ ಇಲ್ಲ, ಕುಂಟೆಯಷ್ಟು ಬಡತನವೂ ಇಲ್ಲ. ಏರಿ ಮೇಲೆ ನಿಂತ್ರೆ ಒಂದು ಕಡೆ ನೀರು, ಇನ್ನೊಂದು ಕಡೆ ರಾಗಿ ಹೊಲ, ಮೂಲೇಲಿ ಹುಣಸೆಮರ, ಮರದ ಬುಡಕ್ಕೆ ಬೀರಪ್ಪನ ಗುಡಿ. ಗುಡಿ ಅಂದ ತಕ್ಷಣ ಗೋಪುರ ಹುಡುಕಬೇಡಿ. ಸುತ್ತ ಚಪ್ಪಡಿ ಗೋಡೆ, ಮೇಲೊಂದು ಚಪ್ಪಡಿ ಸೂರು. ಒಳಗೆ ಹಟ್ಟಿಯೋರೆಲ್ಲಾ ಹಿಡಿಸೋಷ್ಟು ಜಾಗ ಇದ್ರೂ ಬಾಗಿಲು ಗಿಡ್ಡ. ಬಗ್ಗಿ ಒಳಗೆ ಹೋದವರು ಬಗ್ಗೇ ಹೊರಗೆ ಬರಬೇಕು, ಭಕ್ತಿ ಇಲ್ಲದವನ ಕೈಲೂ ದೇವರು ಹಂಗೆ ನಮಸ್ಕಾರ ಹಾಕಿಸ್ಕೊಂತಾನೆ. ಯಾರೋ ಪುಣ್ಯಾತ್ಮರು ಏರಿ ಮೇಲೆ ತಗಡಿನ ಬೋರ್ಡು ನೆಟ್ಟು, ಗುಡ್ಡದ ಬಂಡೇಲಿ ಓಡಿರೋ ಬಿಳಿಕಲ್ಲಿನ ಗೆರೆಯಿಂದ ಈ ಕಟ್ಟೆಗೆ ಬಿಳಿಯೆಳೆ ಕಟ್ಟೆ ಅಂತ ಹೆಸರು ಬಂತು ಅಂತ ಬರೆಸವ್ರೆ. ಆ ಗೆರೆ ಈ ಸೀಮೆಯ ಎಲ್ಲಾ ಗುಡ್ಡದಲ್ಲೂ ಐತೆ. ಹಂಗೆ ನೋಡಿದ್ರೆ ಊರೂರೂ ಬಿಳಿಯೆಳೆ ಆಗಬೇಕಿತ್ತು. ಹಟ್ಟಿಯ ಹಿರಿಯರನ್ನ ಕೇಳಿದ್ರೆ 'ಬರ್ದವ್ರಲ್ಲ, ಹಂಗೇ ಇರ್ಬೇಕು ಬಿಡಿ' ಅಂತ ಮಾತು ಮುರೀತಾರೆ. ಒತ್ತಿ ಕೇಳಿದ್ರೆ ಬೀಡಿ ಹಚ್ತಾರೆ. ಬೀಡಿ ಮುಗಿಯೋ ಹೊತ್ತಿಗೆ ಅಸಲಿ ಕಥೆ ಹೊರಗೆ ಬರ್ತದೆ, ಅದೂ ನೆಲ ನೋಡ್ಕೊಂಡು.

ಹಿಂದೊಮ್ಮೆ, ಯಾವ ರಾಜ ಆಳ್ತವ್ನೆ ಅಂತ ಹಟ್ಟಿಗೆ ಗೊತ್ತಿಲ್ಲದ, ಹಟ್ಟಿ ಎಲ್ಲೈತೆ ಅಂತ ರಾಜನಿಗೂ ಗೊತ್ತಿಲ್ಲದ ಕಾಲದಲ್ಲಿ, ಇದನ್ನ ಬರೀ ಬೀರಪ್ಪನ ಕಟ್ಟೆ ಅಂತಿದ್ರಂತೆ. ಆಗಲೂ ಹಟ್ಟಿಯವರ ಕಸುಬು ಎರಡೇ: ಕುರಿ ಮೇಯಿಸೋದು, ಕಂಬಳಿ ನೇಯೋದು. ವರ್ಷಕ್ಕೊಂದು ಸಲ ದೇವರ ಮುಂದೆ ಹಾಸೋಕೆ ಹೊಸ ಗದ್ದುಗೆ ಕಂಬಳಿ ಆಗಬೇಕು. ಅದರ ಕಟ್ಟಳೆ ಬಲು ಬಿಗಿ. ಮನೆಗೊಂದು ನೂಲಿನ ಉಂಡೆ. ಉಣ್ಣೆ ಆ ಮನೆಯ ರೊಪ್ಪದ ಕುರಿಯದ್ದೇ ಆಗಿರಬೇಕು, ನೂಲೋ ಕೈ ಆ ಮನೆಯದ್ದೇ ಆಗಿರಬೇಕು, ಕಪ್ಪು ಅನ್ನೋದು ಕುರಿ ಹುಟ್ಟುತ್ತಾ ತಂದ ಕಪ್ಪೇ ಆಗಿರಬೇಕು. ಬಣ್ಣ ಕಟ್ಟಂಗಿಲ್ಲ, ಸಾಲ ತರಂಗಿಲ್ಲ. ಗುಡಿ ಒಳಗೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ಬುಟ್ಟಿ ಇಡ್ತಾರೆ. ಒಬ್ಬೊಬ್ಬರೇ ಹೋಗಿ ಬಟ್ಟೆ ಕೆಳಗೆ ಕೈ ತೂರಿಸಿ ಉಂಡೆ ಬಿಟ್ಟು ಬರಬೇಕು. ದೇವರ ಮುಂದೆ ನಂದು ದೊಡ್ಡದು, ನಿಂದು ಸಣ್ಣದು ಅನ್ನೋ ಮಾತು ಬರಬಾರದು ಅಂತ ಹಂಗೆ ಮಾಡಿದ್ದು. ಪೂಜಾರಿ ಕೈಗೆ ಸಿಕ್ಕಿದ ಉಂಡೆ ಎತ್ತಿ ನೇಯ್ತಾನೆ, ಒಂದು ಮುಗಿದರೆ ಇನ್ನೊಂದು. ನೇಯ್ದ ಕಂಬಳೀನ ಕಟ್ಟೆ ನೀರಿಗೆ ಹಾಕಿ, ನೇಯೋ ಮುಂಚೆ ನೂಲಿಗೆ ಬಳಿದ ಹುಣಸೆ ಬೀಜದ ಗಂಜಿ ಬಿಡೋ ತನಕ ಎಲ್ಲರೂ ಸೇರಿ ತುಳೀತಾರೆ. ಆಮೇಲೆ ಒಣಗಿಸಿ ದೇವರ ಮುಂದೆ ಹಾಸಿದರೆ ವರ್ಷವಿಡೀ ಹಟ್ಟಿಯ ನ್ಯಾಯ, ಜಗಳ, ಕೂಡಿಕೆ, ಎಲ್ಲಾ ಅದರ ಮೇಲೆ. ಉಂಡೆ ಕೊಡದ ಮನೆಯವರು ಆ ವರ್ಷ ಕಂಬಳಿ ಮೇಲೆ ಕಾಲಿಡಂಗಿಲ್ಲ. ಹೊರಗೆ ಹುಣಸೆಮರದ ಕೆಳಗೆ ನಿಂತು ಒಳಗಿನ ಮಾತು ಕೇಳಿಸ್ಕೋಬೇಕು. ಮಾತಾಡಂಗಿಲ್ಲ. ಕುರುಬನಿಗೆ ಕಂಬಳಿ ಮೇಲೆ ಜಾಗ ಇಲ್ಲ ಅಂದ್ರೆ ಮೀನಿಗೆ ನೀರಲ್ಲಿ ಜಾಗ ಇಲ್ಲ ಅಂದಂಗೆ.

ಆ ಹಟ್ಟೀಲಿ ಕೆಂಗಕ್ಕ ಅಂತ ಒಬ್ಬಳಿದ್ದಳು. ಗಂಡ ಸತ್ತಿದ್ದ, ಒಬ್ಬನೇ ಮಗ ಕುರಿ ಹೊಡ್ಕೊಂಡು ಅಡವಿ ಕಡೆ ತಿರುಗೋನು, ಮನೇಲಿ ಉಳಿದದ್ದು ಅವಳೂ ಅವಳ ಕದಿರೂ. ಕದಿರು ಹಿಡಿದ್ಲು ಅಂದ್ರೆ ಉಣ್ಣೆ ತಾನಾಗೇ ಕರಗಿ ಎಳೆ ಆಗ್ತಿತ್ತಂತೆ. ಗಂಟಿಲ್ಲ, ಗಡ್ಡೆ ಇಲ್ಲ, ಒಂದೇ ಸಮ, ಎಣ್ಣೆ ಹಚ್ಚಿದ ಕೂದಲಿನಂಗೆ. ಈ ವಿದ್ಯೆ ಅವಳ ಕೈಗೆ ಎಷ್ಟು ಬಂದಿತ್ತೋ ಅದಕ್ಕಿಂತ ಒಂದು ಹಿಡಿ ಜಾಸ್ತಿ ಬಾಯಿಗೆ ಬಂದಿತ್ತು. ಬೇರೆ ಹೆಂಗಸರ ನೂಲು ಕಂಡ್ರೆ 'ಇದ್ರಲ್ಲಿ ಬಾವಿಯಿಂದ ನೀರು ಸೇದ್ಬೋದು ಕಣೆ' ಅನ್ನೋಳು. ಎಲ್ಲರೂ ಕುರಿ ಕತ್ತರಿಸಿದ ಕೂಡಲೇ ಉಣ್ಣೆ ಹಿಂಜಿ, ಹಂಜಿ ಮಾಡಿ, ನೂಲೋಕೆ ಕೂತ್ರೆ ಇವಳು ಮಾತ್ರ ಉಣ್ಣೇನ ಮಣ್ಣಿನ ಗುಡಾಣಕ್ಕೆ ತುಂಬಿ ಬಾಯಿಗೆ ಸಗಣಿ ಮೆತ್ತಿ ಸುಮ್ಮನಿರೋಳು. ಗದ್ದುಗೆಗೆ ಇನ್ನೇನು ನಾಲ್ಕು ದಿನ ಅನ್ನೋವಾಗ ಗುಡಾಣದ ಬಾಯಿ ಒಡೆದು, ಬಾಗಿಲಲ್ಲಿ ಕೂತು, ಹೋಗೋರು ಬರೋರು ನೋಡೋ ಹಂಗೆ ಸರಸರ ನೂತು ಮುಗಿಸೋಳು. ಅದು ನೂಲೋದಲ್ಲ, ಮೆರವಣಿಗೆ. ಮೆರವಣಿಗೆಗೆ ಜನ ಬೇಕಲ್ಲ, ಅದಕ್ಕೇ ಕೊನೇ ಗಳಿಗೆ.

ಕಟ್ಟೆ ಏರಿಯ ಕೆಳಗೆ ಒಂದು ತುಂಡು ನೆಲ ಇಟ್ಕೊಂಡು ಓಬಣ್ಣ, ತಿಪ್ಪಕ್ಕ ಅಂತ ಗಂಡ ಹೆಂಡಿರು ಇದ್ರು. ಓಬಣ್ಣ ಹಟ್ಟಿಯವನೇ, ಮಾತು ಕಮ್ಮಿ, ಕುರಿ ಇನ್ನೂ ಕಮ್ಮಿ. ತಿಪ್ಪಕ್ಕ ಹೊಳೆ ಕಡೆ ಭತ್ತದ ನಾಡಿನವಳು, ಕುರುಬರವಳೇ ಆದ್ರೂ ಗದ್ದೆ ಬದಿ ಬೆಳೆದೋಳು. ಮದುವೆ ಆಗಿ ಬರುವಾಗ ಬೆನ್ನಿಗೆ ಒಂದು ಕುಕ್ಕೆ ಕಟ್ಕೊಂಡು ಬಂದಿದ್ಲು. ಜನ ಏನೋ ಬೆಳ್ಳಿ ಬಂಗಾರ ಅಂದ್ಕೊಂಡ್ರೆ, ಕುಕ್ಕೆ ಒಳಗಿಂದ ಬಾತುಕೋಳಿ ಕತ್ತು ಹಾಕಿ ಹಟ್ಟೀನೆಲ್ಲಾ ನೋಡ್ತಂತೆ. ಕುರಿ ಬಿಟ್ರೆ ನಾಯಿ, ನಾಯಿ ಬಿಟ್ರೆ ಕೋಳಿ ಅಂತ ಇದ್ದ ಹಟ್ಟೀಲಿ ಬಾತು ಅಂದ್ರೆ ನಗೆಪಾಟಲು. ಅವು ಸಾಲು ಕಟ್ಕೊಂಡು ಹಿಂಭಾಗ ಕುಣಿಸ್ತಾ ಏರಿ ದಾಟಿ ನೀರಿಗೆ ಇಳಿಯೋದು ನೋಡಿ, 'ಹೋಯ್ತು ನೋಡ್ರೋ, ತಿಪ್ಪಕ್ಕನ ದಿಬ್ಬಣ' ಅನ್ನೋರು. ತಿಪ್ಪಕ್ಕ ತಾನೂ ನಗೋಳು. ಮೊಟ್ಟೆ ಕೊಟ್ಟರೆ ಮಾತ್ರ ಯಾರೂ ನಗ್ತಿರಲಿಲ್ಲ, ಸೆರಗೊಳಗೆ ಮುಚ್ಚಿಟ್ಕೊಂಡು ಒಯ್ಯೋರು. ಕೆಂಗಕ್ಕ ಒಬ್ಬಳೇ ಮೊಟ್ಟೆನೂ ಮುಟ್ತಿರಲಿಲ್ಲ, ಬಾತಿನ ಹತ್ತಿರಕ್ಕೂ ಹೋಗ್ತಿರಲಿಲ್ಲ. ಒಂದು ವರ್ಷ ತಿಪ್ಪಕ್ಕನ ಉಣ್ಣೆ ಒಂದು ಹಿಡಿ ಸಾಲದೆ ಬಂತು. ಕಟ್ಟಳೆ ಪೂರ್ತಿ ತಿಳೀದೆ ಕೆಂಗಕ್ಕನ ಬಾಗಿಲಿಗೆ ಹೋಗಿ, 'ಅಕ್ಕ, ಒಂದು ಹಿಡಿ ಇದ್ರೆ ಕೊಡು, ಮುಂದಿನ ಕತ್ತರಿಗೆ ತೀರಿಸ್ತೀನಿ' ಅಂದ್ಲು. ಬಾಗಿಲಲ್ಲಿ ಜನ ಇದ್ರು. ಜನ ಇದ್ದ ಕಡೆ ಕೆಂಗಕ್ಕನ ನಾಲಿಗೆ ಸುಮ್ಮನಿರೋ ಜಾತಿಯಲ್ಲ. 'ನಿನ್ನ ಬಾತಿನ ಕುಂಡೆ ಬೋಳ್ಸು, ಒಂದು ಹಿಡಿ ಏನು, ಒಂದು ಮೂಟೆ ಸಿಕ್ತದೆ' ಅಂದ್ಲು. ಜನ ಬಿದ್ದು ಬಿದ್ದು ನಕ್ರು. ತಿಪ್ಪಕ್ಕ ಆ ವರ್ಷ ಪೂರ್ತಿ ಹುಣಸೆಮರದ ಕೆಳಗೆ ನಿಂತಳು.

ಇದಾಗಿ ಒಂದೆರಡು ವರ್ಷ ಕಳೆದಿರಬೇಕು. ಗದ್ದುಗೆ ಹತ್ತಿರ ಬಂತು. ಕೆಂಗಕ್ಕ ಎಂದಿನಂಗೆ ಬಾಗಿಲು ಗುಡಿಸಿ, ನೀರು ಚಿಮುಕಿಸಿ, ಚಾಪೆ ಹಾಸಿ, ಮೆರವಣಿಗೆಗೆ ಎಲ್ಲಾ ಅಣಿ ಮಾಡಿ, ಒಳಗೆ ಹೋಗಿ ಗುಡಾಣದ ಸಗಣಿ ಒಡೆದಳು. ಕೈ ಹಾಕಿದ್ರೆ ಉಣ್ಣೆ ಕೈಗೆ ಬರಲಿಲ್ಲ, ಪುಡಿ ಬಂತು. ಗುಡಾಣದ ಬುಡದಲ್ಲಿ ಒಂದು ಸಣ್ಣ ಸೀಳು; ಆ ಸೀಳಿಂದ ನುಸಿ ನುಗ್ಗಿ, ಮರಿ ಹಾಕಿ, ಮೊಮ್ಮಕ್ಕಳನ್ನೂ ಕಂಡು, ಒಂದು ಎಳೆ ಬಿಡದೆ ತಿಂದು ಮುಗಿಸಿದ್ವು. ನುಸಿ ಹಿಡಿದ ಉಣ್ಣೆ ಅಂದ್ರೆ ಹಟ್ಟೀಲಿ ಹೆಂಗಸಿಗೆ ಬೇರೆ ಬೈಗಳೇ ಬೇಡ. ಹೊಸದಾಗಿ ಬಂದ ಸೊಸೆಗೆ ಮೊದಲ ದಿನವೇ ಹೇಳಿಕೊಡೋ ಪಾಠ ಅದು, ಉಣ್ಣೇನ ಬಿಸಿಲಿಗೆ ಹಾಕು, ಬೇವಿನ ಸೊಪ್ಪು ಇಡು, ಬೇಗ ನೂಲು ಅಂತ. ಕೆಂಗಕ್ಕ ಬಗ್ಗಿ ಗುಡಾಣದೊಳಗೆ ಮುಖ ಇಟ್ಟು ನೋಡಿದ್ಲು. ಒಂದು ನುಸಿ ಹಾರಿ ಬಂದು ಅವಳ ಹುಬ್ಬಿನ ಮೇಲೆ ಕೂತ್ಕೊಂತು. ಹೊರಗೆ ಪಕ್ಕದ ಮನೆ ಮಾರಕ್ಕ, 'ಏನವ್ವ, ಇವತ್ತು ಆಟ ಇಲ್ವಾ?' ಅಂತ ಕೂಗಿದ್ಲು. 'ತಲೆನೋವು' ಅಂತ ಕೆಂಗಕ್ಕ ಒಳಗಿಂದಲೇ ಹೇಳಿ ಬಾಗಿಲು ಹಾಕ್ಕೊಂಡ್ಲು.

ಸಂಜೆ ಮಗ ರೊಪ್ಪಕ್ಕೆ ತುಂಬಿದ ಕುರಿಗಳ ಮೇಲೆ ಕೈ ಆಡಿಸಿ ನೋಡಿದ್ಲು. ಕತ್ತರಿ ಬಿದ್ದ ಮೇಲೆ ಕೈಗೆ ಸಿಗೋಷ್ಟು ಉಣ್ಣೆ ಇನ್ನೂ ಬೆಳೆದಿರಲಿಲ್ಲ, ಮುಡಿ ಕೊಟ್ಟ ತಲೆ ಸವರಿದಂಗಾಯ್ತು. ಇದ್ದದ್ದು ಇದ್ದಂಗೆ ಹೇಳಿದ್ರೆ ಏನಾಗ್ತಿತ್ತು? ಒಂದು ವರ್ಷ ಮರದ ಕೆಳಗೆ ನಿಲ್ಲಬೇಕಿತ್ತು, ಅಷ್ಟೇ. ಆದ್ರೆ ಆ ಮರದ ಕೆಳಗೆ ತಿಪ್ಪಕ್ಕ ನಿಂತಾಗ ಒಳಗೆ ಕೂತು ಎಲ್ಲರಿಗಿಂತ ಜೋರಾಗಿ ಮಾತಾಡಿದೋಳು ಕೆಂಗಕ್ಕನೇ. ಅದೇ ಅವಳಿಗೆ ಗಂಟಲಿಗೆ ಸಿಕ್ಕಿದ ಮುಳ್ಳು. ಮಾರನೇ ದಿನ ಮಟಮಟ ಮಧ್ಯಾಹ್ನ, ಹಟ್ಟಿಯೆಲ್ಲಾ ಕುರಿ ಹಿಂದೆ ಹೋಗಿ ಮುದುಕರು ತೂಕಡಿಸೋ ಹೊತ್ತಲ್ಲಿ, ಮಡಿಲು ಕಟ್ಕೊಂಡು ಜಾಲಿ ಪೊದೆಗಳ ಸಂದಿಗೆ ಹೋದ್ಲು. ಕುರಿ ನುಗ್ಗುವಾಗ ಮುಳ್ಳಿಗೆ ಸಿಕ್ಕ ಉಣ್ಣೆ ಒಂದೊಂದೇ ಎಳೆ ಬಿಡಿಸಿ ಬಿಡಿಸಿ ಕೂಡಿಸಿದ್ಲು. ಯಾರ ಯಾರ ಕುರಿಯದ್ದೋ ಉಣ್ಣೆ. ಕೂಡಿಸಿದ್ದು ಒಂದು ಹಿಡಿ ಆಯ್ತು, ಉಂಡೆ ಆಗಲಿಲ್ಲ. ಪೊದೆ ಮುಗಿದ ಕಡೆ ಕಟ್ಟೆಯ ಅಂಚು. ಅಂಚಿನ ಜೊಂಡಿನ ಬುಡದಲ್ಲಿ ತಿಪ್ಪಕ್ಕನ ಬಾತುಗಳು ಮೈ ಕೊಡವಿ ಬಿಟ್ಟ ತುಪ್ಪಳ ಬೆಳ್ಳಗೆ ರಾಶಿ ಬಿದ್ದಿತ್ತು. ಕೆಂಗಕ್ಕ ನಿಂತು ನೋಡಿದ್ಲು. ಒಂದು ಚೂರು ಎತ್ತಿ ಬೆರಳಲ್ಲಿ ಹೊಸೆದು ನೋಡಿದ್ಲು. ನೂಲೋ ಕೈ ಅದು, ಕೆಟ್ಟದ್ದನ್ನ ಕೊಟ್ರೂ ಎಳೆ ಮಾಡದೆ ಬಿಡ್ತದಾ? ತಿಪ್ಪಕ್ಕನಿಗೆ ಬಾಗಿಲಲ್ಲಿ ಹೇಳಿದ ಮಾತು ತನ್ನ ಕಿವಿಗೇ ಬಡೀತಂತೆ. ಆದರೂ ಬಗ್ಗಿದ್ಲು. ಮಡಿಲು ತುಂಬಿಸ್ಕೊಂಡು ಎದ್ದು ತಿರುಗಿದ್ರೆ, ಏರಿ ಮೇಲೆ ತಿಪ್ಪಕ್ಕ, ತಲೆ ಮೇಲೆ ಹುಲ್ಲಿನ ಹೊರೆ. ಅವಳ ಕಣ್ಣು ಮಡಿಲ ಮೇಲೆ ಬಿತ್ತು. ತಿಪ್ಪಕ್ಕ ಹೊರೆ ಸರಿಮಾಡ್ಕೊಂಡು ತನ್ನ ಪಾಡಿಗೆ ಇಳಿದು ಹೋದ್ಲು.

ಬಾಗಿಲು ಹಾಕ್ಕೊಂಡು ಕೆಂಗಕ್ಕ ಆ ತುಪ್ಪಳಾನ ಮುಳ್ಳಿನ ಉಣ್ಣೆ ಜೊತೆ ಕೂಡಿಸಿ ಹಿಂಜಿದ್ಲು. ತುಪ್ಪಳ ಗಾಳಿಗೆ ಹಾರ್ತದೆ, ಜಾರ್ತದೆ, ಹಂಜಿಗೆ ನಿಲ್ಲಲ್ಲ. ಬೇರೆ ಯಾರೇ ಆಗಿದ್ರೂ ಅರ್ಧಕ್ಕೇ ಕೈ ಬಿಡ್ತಿದ್ರು. ಅವಳು ಉಸಿರು ಬಿಗಿಹಿಡಿದು ನೂತಳು. ಹುಟ್ಟಿದಾಗಿಂದ ಅಷ್ಟು ಚೆಂದದ ನೂಲು ಅವಳ ಕೈಯಿಂದಲೂ ಬಂದಿರಲಿಲ್ಲವಂತೆ. ಅದನ್ನ ಯಾರಿಗೂ ತೋರಿಸೋ ಹಂಗಿರಲಿಲ್ಲ ಅನ್ನೋದೇ ಶಿಕ್ಷೆ. ಆಮೇಲೆ ದೀಪದ ಮಸಿ, ಒಲೆಯ ಮಸಿ, ಎಲ್ಲಾ ಕೆರೆದು ಹುಣಸೆ ಬೀಜದ ಗಂಜೀಲಿ ಕಲೆಸಿ ನೂಲಿಗೆ ಬಳಿದಳು. ಒಣಗಿದ ಮೇಲೆ ಕಾಗೆಗಿಂತ ಕಪ್ಪು. ಉಣ್ಣೆಯ ಸುದ್ದಿ ಹುಟ್ಟಿನಿಂದ ಬಲ್ಲ ಕೆಂಗಕ್ಕ ಬಾತಿನ ಸುದ್ದಿ ಒಂದನ್ನೂ ಬಲ್ಲೋಳಲ್ಲ, ಬಲ್ಲೋರನ್ನ ಎಂದೂ ಮಾತಾಡಿಸಿದೋಳೂ ಅಲ್ಲ. ಬಾತಿನ ಮೈ ತುಂಬಾ ಜಿಡ್ಡು. ನೀರಲ್ಲೇ ಬಿದ್ದಿರೋ ಹಕ್ಕಿ ನೀರಿಗೆ ನೆನೆಯಲ್ಲ ಅನ್ನೋದನ್ನ ದಿನಾ ಕಣ್ಣೆದುರಿಗೆ ಕಂಡೂ, ನೀರೇ ಹಿಡಿಯದ ತುಪ್ಪಳಕ್ಕೆ ಬಣ್ಣ ಎಲ್ಲಿ ಹಿಡಿದೀತು ಅಂತ ಅವಳಿಗೆ ಹೊಳೀಲಿಲ್ಲ. ಬುಟ್ಟಿಯ ಬಟ್ಟೆ ಕೆಳಗೆ ಕೈ ತೂರಿಸಿ ಉಂಡೆ ಬಿಟ್ಟು, ಕೈ ಸೆರಗಿಗೆ ಒರೆಸ್ಕೊಂಡು ಬಂದ್ಲು.

ಆಗ ಪೂಜಾರಿ ಮುದ್ದಜ್ಜ. ಹಟ್ಟಿಯ ಹಿರೀಕನೂ ಅವನೇ, ಮಗ್ಗಕ್ಕೆ ಕೂರೋನೂ ಅವನೇ. ಕಣ್ಣು ಮಂಜಾಗಿದ್ವು, ಬೆರಳಲ್ಲೇ ನೋಡೋನು. ಕಂಬಳಿ ಆಯ್ತು. ಕಪ್ಪು ಅಂದ್ರೆ ಕಪ್ಪು, ಅಂಚಿಂದ ಅಂಚಿಗೆ ಒಂದೇ ಬಣ್ಣ. ಎಲ್ಲರೂ ಕಟ್ಟೆಗೆ ಹೋದ್ರು, ಕಂಬಳೀನ ನೀರಿಗೆ ಇಳಿಸಿ ಸೊಂಟಕ್ಕೆ ಸೀರೆ ಸಿಗಿಸಿ ತುಳಿಯೋಕೆ ಹತ್ತಿದ್ರು. ತುಳಿದಂಗೆ ಗಂಜಿ ಬಿಡ್ತು, ಗಂಜಿ ಜೊತೆ ಮಸಿನೂ ಬಿಡ್ತು. ಒಂದು ಪಟ್ಟಿ, ಬೆರಳಗಲದ್ದು, ಕಂಬಳಿಯ ಈ ಅಂಚಿಂದ ಆ ಅಂಚಿಗೆ ಬೆಳ್ಳಗೆ ಎದ್ದು ಬಂತು. ಸಾಲದ್ದಕ್ಕೆ, ಕಂಬಳಿ ಇಡೀ ನೀರು ಕುಡಿದು ಭಾರ ಆಗಿ ಕೂತ್ರೆ ಆ ಪಟ್ಟಿ ಮಾತ್ರ ನೆನೀಲಿಲ್ಲ. ಮೇಲೆ ನೀರು ಮುತ್ತು ಮುತ್ತಾಗಿ ನಿಂತು ಉರುಳಿ ಹೋಗ್ತಿತ್ತು. ತುಳೀತಿದ್ದ ಕಾಲೆಲ್ಲಾ ನಿಂತ್ವು. ಕಟ್ಟೆಯ ಆ ಮೂಲೇಲಿ ಬಾತುಗಳು ತಮಗೆ ಸಂಬಂಧವೇ ಇಲ್ಲ ಅನ್ನೋ ಹಂಗೆ ತಲೆ ಮುಳುಗಿಸಿ ಹಿಂಭಾಗ ಆಕಾಶಕ್ಕೆ ಎತ್ತಿದ್ವು.

ಎಲ್ಲರ ಕಣ್ಣು ತಿಪ್ಪಕ್ಕನ ಕಡೆ ತಿರುಗಿದ್ವು. ಮುದ್ದಜ್ಜ ಪಟ್ಟಿ ಮೇಲೆ ಬೆರಳಾಡಿಸಿ, 'ತಿಪ್ಪವ್ವ, ಇದು ನಿನ್ನ ಬಾತಿಂದಾ?' ಅಂದ.

'ನಮ್ಮ ಬಾತಿಂದೇ' ಅಂದ್ಲು ತಿಪ್ಪಕ್ಕ. 'ಈ ಕಟ್ಟೇಲಿ ಇನ್ಯಾರ ಬಾತು ಅದಾವೆ?'

ಹೇಳಿ ಕೆಂಗಕ್ಕನ ಕಡೆ ನೋಡಿದ್ಲು. ಸಿಟ್ಟಿಂದಲ್ಲ, ಬಾಗಿಲಿಗೆ ಬಂದ ನೆಂಟರು ಒಳಗೆ ಕರೀತಾರೇನೋ ಅಂತ ಕಾಯ್ತಾರಲ್ಲ, ಹಂಗೆ. ಕೆಂಗಕ್ಕ ನೀರೊಳಗಿನ ತನ್ನ ಕಾಲಿನ ಹೆಬ್ಬೆರಳು ನೋಡ್ತಾ ನಿಂತಳು. ಬಾಯಿ ತೆರೆದ್ರೆ ಸಾಕಿತ್ತು, ಒಂದೇ ಮಾತು. ಅವಳು ತೆರೀಲಿಲ್ಲ. ಬಾತು ಯಾರದ್ದು ಅಂತ ಕೇಳಿದ್ರೇ ಹೊರತು, ನೂತ ಕೈ ಯಾರದ್ದು ಅಂತ ಅಲ್ಲಿದ್ದವರಲ್ಲಿ ಒಬ್ಬರೂ ಕೇಳಲಿಲ್ಲ. ತಿಪ್ಪಕ್ಕನೂ ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕಾದಳು, ಕಾದು ಸಾಕಾಗಿ ಸೀರೆ ಬಿಟ್ಕೊಂಡು ನೀರಿಂದ ಮೇಲೆ ಬಂದ್ಲು. ಗದ್ದುಗೆ ತೊಳೆಯೋ ನೀರಲ್ಲಿ ಇನ್ಮೇಲೆ ಬಾತು ಇಳೀಬಾರದು ಅಂತ ಅಲ್ಲೇ ತೀರ್ಮಾನ ಆಯ್ತು. ಊರು ಬಿಡು ಅಂತ ಯಾರೂ ಹೇಳಲಿಲ್ಲ, ನೋಡಿ. ಅಷ್ಟು ಕೆಟ್ಟವರಲ್ಲ. ನೀರಿಲ್ಲದೆ ಬಾತು ಹೆಂಗೆ ಬದುಕ್ತದೆ, ಬಾತಿಲ್ಲದೆ ಆ ಮನೆ ಹೆಂಗೆ ಬದುಕ್ತದೆ ಅನ್ನೋ ಲೆಕ್ಕ ಅವರಿಗೇ ಬಿಟ್ರು.

ಓಬಣ್ಣ ಕುರಿಗಳನ್ನ ಮುಂದೆ ಬಿಟ್ಟ, ತಿಪ್ಪಕ್ಕ ಕುಕ್ಕೆ ಬೆನ್ನಿಗೆ ಕಟ್ಟಿದ್ಲು. ಹಿಡಿಸದೆ ಉಳಿದ ಬಾತುಗಳು ಹಿಂದೆ ಸಾಲು ಕಟ್ಟಿದ್ವು. ಹಟ್ಟಿ ದಾಟೋ ದಾರಿ ಕೆಂಗಕ್ಕನ ಮನೆ ಮುಂದೆಯೇ. ತಿಪ್ಪಕ್ಕ ಬಾಗಿಲಲ್ಲಿ ನಿಂತಳು. ಕೆಂಗಕ್ಕ ಒಳಗಿದ್ದಳು, ಮೊರದಲ್ಲಿ ಕೇರೋಕೆ ಕಾಳಿಲ್ಲದಿದ್ರೂ ಮೊರ ಕೈಲಿ ಹಿಡ್ಕೊಂಡಿದ್ದಳು.

'ಅಕ್ಕ, ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತೊಳೀಬೇಕು' ಅಂದ್ಲು ತಿಪ್ಪಕ್ಕ.

'ಏನನ್ನ?'

'ತುಪ್ಪಳಾನ. ಎರಡ್ಮೂರು ಸಲ ತೊಳದ್ರೆ ಜಿಡ್ಡು ಹೋಗ್ತದೆ. ಆಮೇಲೆ ಬಣ್ಣ ನಿಲ್ತದೆ. ಕೇಳಿದ್ರೆ ಆವತ್ತೇ ಹೇಳ್ತಿದ್ದೆ.'

ಬೈದಿದ್ರೆ ಕೆಂಗಕ್ಕನ ಹತ್ತಿರ ತಿರುಗಿಸಿ ಬೈಯೋಕೆ ಬೇಕಾದಷ್ಟಿತ್ತು. ಮಣ್ಣು ತೂರಿ ಶಾಪ ಹಾಕಿದ್ರೂ ಒರೆಸ್ಕೋಬೋದಿತ್ತು. ಇದಕ್ಕೆ ಏನು ಹೇಳೋದು? ಸೊಪ್ಪಿನ ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅಂತ ತಂಗಿ ಹೇಳಿದಂಗೆ ಹೇಳಿ ಹೋದ್ಲು. ಬಾತುಗಳ ಸದ್ದು ಗುಡ್ಡದ ತಿರುವಿನ ತನಕ ಕೇಳ್ತಿತ್ತಂತೆ, ಆಮೇಲೆ ಕೇಳಲಿಲ್ಲ.

ಆ ವರ್ಷ ಗದ್ದುಗೆ ಹಾಸಿದಾಗ ಕೆಂಗಕ್ಕ ಒಳಗೇ ಕೂತಳು, ಎಂದಿನ ಜಾಗದಲ್ಲೇ. ಯಾವುದಕ್ಕೆ ಹೆದರಿ ಅಷ್ಟೆಲ್ಲಾ ಮಾಡಿದ್ಲೋ ಆ ಜಾಗ ಉಳೀತು. ಉಳಿದ ಮೇಲೆ ಕೂರೋಕಾಗಲಿಲ್ಲ. ಬಿಳಿ ಪಟ್ಟೀನ ಮಸಿ ಹಾಕಿ ಮತ್ತೆ ಮುಚ್ಚಿದ್ರು, ಅದು ಮತ್ತೆ ಮತ್ತೆ ಬೆಳ್ಳಗೆ ಇಣುಕೋದು. ಅವಳ ಮಂಡಿ ಕೆಳಗೇ ಇಣುಕೋದು. ಅವಳಿಗೆ ಇನ್ನೊಂದು ವಿಚಿತ್ರ ಕಾಣ್ತಿತ್ತು. ಹೆಂಗಸರು ಯಾರೂ ಈಗ ಅವಳ ಬಾಗಿಲಲ್ಲಿ ನಿಲ್ತಿರಲಿಲ್ಲ. ಬೈತಿರಲಿಲ್ಲ, ಬೆನ್ನ ಹಿಂದೆ ಆಡ್ಕೊಂತಿದ್ದಂಗೂ ಕಾಣ್ತಿರಲಿಲ್ಲ. ಬರೀ ಕಣ್ಣು ತಪ್ಪಿಸೋರು. ಮಾರಕ್ಕ ಕೂಡ, ಸತ್ತ ಎಮ್ಮೆ ಮೇಲೂ ಮಾತು ಹುಟ್ಟಿಸೋಳು, ಅವಳನ್ನ ಕಂಡ್ರೆ ಬಿಂದಿಗೆ ಎತ್ಕೊಂಡು ಸರಿದು ಹೋಗೋಳು. ಇವರಿಗೆ ಏನು ಬಂತು ಅಂತ ಕೆಂಗಕ್ಕನಿಗೆ ಅರ್ಥ ಆಗಲಿಲ್ಲ. ಅರ್ಥ ಆಗದ್ದು ಇನ್ನಷ್ಟು ಚುಚ್ತು.

ಮುಂದಿನ ಗದ್ದುಗೆ ಹತ್ತಿರ ಬಂದಾಗ ಮಗನಿಗೆ ನೆಂಟರ ಮನೆ ಅಂತ ಹೇಳಿ, ಬುತ್ತಿ ಕಟ್ಕೊಂಡು, ಭತ್ತದ ನಾಡಿನ ದಾರಿ ಹಿಡಿದಳು. ಹೊಳೆ ಬಯಲಲ್ಲಿ ಕೊಯ್ಲಾದ ಗದ್ದೆ ತುಂಬಾ ಬಾತಿನ ಹಿಂಡು, ಒಂದೊಂದು ಹಿಂಡಿಗೊಂದು ಗುಡಿಸಲು. 'ತಿಪ್ಪಕ್ಕ ಅಂತ, ಗುಡ್ಡದ ಕಡೆಯಿಂದ ಬಂದೋಳು' ಅಂತ ಕೇಳ್ತಾ ಹೋದ್ಲು. ಬಾತು ಕಾಯೋರು ಕೇಳೋರು, 'ನಿಂಗೇನಾಗ್ಬೇಕು?' 'ತಂಗಿ' ಅನ್ನೋಳು. 'ತಂಗಿ ಮನೆ ಎಲ್ಲೈತೆ ಅಂತ ಗೊತ್ತಿಲ್ದಿರೋ ಅಕ್ಕ ಎಂಥೋಳು?' ಅಂತ ನಗೋರು. ಹಿಂಗೇ ಅಲೆದು ಅಲೆದು ಕೊನೆಗೆ ಒಂದು ಗುಡಿಸಲ ಮುಂದೆ, ಕೋಲು ಹಿಡಿದು ಕೂತಿದ್ದ ಒಬ್ಬ ಮುದುಕ 'ಏನಾಗ್ಬೇಕು?' ಅಂದಾಗ ಅವಳಿಗೆ ಸುಳ್ಳು ಹೇಳೋಕೂ ತ್ರಾಣ ಉಳಿದಿರಲಿಲ್ಲ. 'ಏನೂ ಆಗ್ಬೇಕಾಗಿಲ್ಲ. ನನ್ನ ತಪ್ಪಿಗೆ ಊರು ಬಿಟ್ಟೋಳು' ಅಂತ ಶುರು ಮಾಡಿ ನುಸಿಯಿಂದ ಹಿಡಿದು ಹೆಬ್ಬೆರಳ ತನಕ ಎಲ್ಲಾ ಹೇಳಿದ್ಲು. ಮುದುಕ ಬಾತಿನ ಮೇಲೇ ಕಣ್ಣಿಟ್ಟು ಕೇಳಿದ. ಎದ್ದು ಒಳಗೆ ಹೋಗಿ ಒಂದು ಗಂಟು ತುಪ್ಪಳ ತಂದು ಅವಳ ಮುಂದೆ ಇಟ್ಟ. 'ಆ ಹೆಸರಿನೋಳು ಇಲ್ಲಿಲ್ಲ. ಇದು ಬೇಕಿದ್ರೆ ತಗೊಂಡು ಹೋಗು' ಅಂದ. ತಿಪ್ಪಕ್ಕ ಅವಳಿಗೆ ಸಿಗಲೇ ಇಲ್ಲ ಅಂತಾರೆ. ಗುಡಿಸಲ ಹಿಂದೆಯೇ ಇದ್ಲು, ಎಲ್ಲಾ ಕೇಳಿಸ್ಕೊಂಡು 'ತುಪ್ಪಳ ಕೊಟ್ಟು ಕಳ್ಸು, ಅವಳ ಮುಖ ನೋಡೋಕೆ ನನ್ನ ಕೈಲಾಗಲ್ಲ' ಅಂದ್ಲು ಅಂತಲೂ ಹೇಳೋರು ಅದಾರೆ. ಎರಡರಲ್ಲಿ ಯಾವುದು ನಿಜವಾದ್ರೂ ಕೆಂಗಕ್ಕ ವಾಪಸ್ಸು ಬಂದದ್ದು ಒಬ್ಬಳೇ.

ಬಂದು, ಆ ತುಪ್ಪಳಾನ ತನ್ನ ರೊಪ್ಪದ ಒಂದೇ ಒಂದು ಬಿಳಿ ಕುರಿಯ ಉಣ್ಣೆ ಜೊತೆ ನೂತಳು. ಮಸಿ ಬಳೀಲಿಲ್ಲ. ಈ ಸಲ ಬಾಗಿಲು ತೆರೆದಿಟ್ಟೇ ನೂತಳು, ನೋಡೋಕೆ ಯಾರೂ ಬರಲಿಲ್ಲ. ಬುಟ್ಟಿ ಇಟ್ಟ ದಿನ, ಒಬ್ಬೊಬ್ಬರೇ ಉಂಡೆ ಬಿಟ್ಟು ಬರೋದು ಮುಗಿದು ಎಲ್ಲರೂ ಗುಡಿ ಒಳಗೆ ಸೇರಿದಾಗ ತಾನೂ ಹೋಗಿ, ಬುಟ್ಟಿಯ ಬಟ್ಟೆ ಸರಿಸಿ, ಕರಿ ಉಂಡೆಗಳ ಮೇಲೆ ತನ್ನ ಬಿಳಿ ಉಂಡೆ ಇಟ್ಟಳು.

'ಹೋದ ವರ್ಷದ್ದೂ ನಂದೇ' ಅಂದ್ಲು.

ಮುದ್ದಜ್ಜ ಮುಖ ಎತ್ತಲಿಲ್ಲ. 'ಬುಟ್ಟಿ ಮುಚ್ಚು.'

'ನಂದು ಅಂದೆ, ಅಜ್ಜ. ತಿಪ್ಪಕ್ಕನದ್ದಲ್ಲ.'

'ಕೇಳ್ತು. ನೇಯ್ದೋನು ನಾನು. ಉಂಡೆ ಕೈಗೆ ಬಂದಾಗ್ಲೇ ಯಾರು ನೂತದ್ದು ಅಂತ ಗೊತ್ತಾಗಿತ್ತು.'

ಕೆಂಗಕ್ಕ ಸುತ್ತ ನೋಡಿದ್ಲು. ಯಾರೂ ಬೆರಗಾಗಲಿಲ್ಲ. ಮಾರಕ್ಕ ಗೋಡೆಗೆ ಒರಗಿದ್ದೋಳು, ತಡೆಯೋಕಾಗದೆ, 'ತಿಪ್ಪಿ ನೂಲಲ್ಲಿ ಬಾವಿಯಿಂದ ನೀರು ಸೇದ್ಬೋದು ಅಂತ ನೀನೇ ಅಂತಿದ್ದೆ. ಆ ಪಟ್ಟಿ ನೋಡಿದ್ರೆ ಕೂದ್ಲಿನ ಎಳೆ ಇದ್ದಂಗಿತ್ತು. ನಮಗೇನು ಕಣ್ಣಿಲ್ವೇನೆ? ಈ ಹಟ್ಟೀಲಿ ಹಂಗೆ ನೂಲೋ ಕೈ ಇನ್ಯಾವುದು?' ಅಂದ್ಲು.

'ಮತ್ಯಾಕೆ ಸುಮ್ನಿದ್ರಿ?'

'ನೀನ್ಯಾಕೆ ಸುಮ್ನಿದ್ದೆ?'

ಮುದ್ದಜ್ಜನೇ ಕೊನೆಗೆ ಬಾಯಿ ಬಿಟ್ಟ. 'ಅವ್ಳನ್ನ ಕಳ್ಸೋದು ಸಲೀಸಿತ್ತವ್ವ. ಹೊರಗಿಂದ ಬಂದೋಳು, ಬಾತು ಸಾಕೋಳು. ನಿನ್ನ ಕಳ್ಸಿದ್ರೆ ಸಂತೆಗೆ ಮಾರೋ ಕಂಬಳಿಗೆ ಇಂಥ ನೂಲು ಯಾರ ಹತ್ರ ಕೇಳೋದು?' ಕೆಂಗಕ್ಕ 'ನನ್ನ ಮರದ ಕೆಳಗೆ ನಿಲ್ಸಿ' ಅಂದ್ಲು. 'ನಿಲ್ಸೋಕೆ ಒಳಗೆ ಕೂತೋರಿಗೆ ಮುಖ ಬೇಕಲ್ಲ' ಅಂದ ಮುದ್ದಜ್ಜ, ಬಿಳಿ ಉಂಡೆ ಕೈಗೆ ತಗೊಂಡು ಮಗ್ಗಕ್ಕೆ ಕೂತ. ಆ 'ನಂದು' ಅನ್ನೋ ಮಾತಿಗಾಗಿ ಅವಳು ಒಂದು ವರ್ಷ ಸತ್ತಿದ್ಲು, ಹೊಳೆ ಬಯಲು ತನಕ ನಡೆದಿದ್ಲು. ಹೇಳಿದ ಮೇಲೆ ಹಗುರ ಆಗ್ತದೆ ಅಂದ್ಕೊಂಡಿದ್ಲು. ಎಲ್ಲರ ಮೈ ಮೇಲೂ ಅದೇ ಭಾರ ಇದ್ದದ್ದು ಕಂಡು ತನ್ನದೂ ಇಳೀಲಿಲ್ಲ. ಆ ವರ್ಷದ ಕಂಬಳಿ ಮೇಲೆ ಯಾರೂ ಕೂರಲಿಲ್ಲ. ನ್ಯಾಯ ಎಲ್ಲಾ ನಿಂತುಕೊಂಡೇ ಆಯ್ತು.

ಅಲ್ಲಿಂದ ಮುಂದೆ ಗದ್ದುಗೆ ಕಂಬಳೀಲಿ ಒಂದು ಬಿಳಿ ಪಟ್ಟಿ ಇರಲೇಬೇಕು ಅಂತ ಆಯ್ತು. ವರ್ಷಕ್ಕೊಂದು ಮನೆ ಪಾಳಿ. ಪಾಳಿ ಬಂದ ಮನೆಯವರು ಭತ್ತದ ನಾಡಿಗೆ ಹೋಗಿ, ಬಾತು ಸಾಕೋರ ಗುಡಿಸಲ ಮುಂದೆ ನಿಂತು, ಒಂದು ಹಿಡಿ ತುಪ್ಪಳ ಕೇಳಬೇಕು. ಯಾಕೆ ಅಂತ ಅವರು ಕೇಳೇ ಕೇಳ್ತಾರೆ. ಆಗ ಕಥೆ ಪೂರ್ತಿ ಹೇಳಬೇಕು, ಒಂದು ಎಳೆ ಬಿಡಂಗಿಲ್ಲ. ಸುಳ್ಳು ಹೇಳಿ ತಂದ ತುಪ್ಪಳ ಗದ್ದುಗೆಗೆ ಬರಲ್ಲ. ಕೇಳಿ ಕೇಳಿ ಹೊಳೆ ಬಯಲಿನವರಿಗೆ ಬಾಯಿಪಾಠ ಆಗಿ, ಗುಡ್ಡದ ಕಡೆ ಜನ ಬರೋದು ಕಂಡ್ರೆ 'ಬಿಳಿಯೆಳೆಯೋರು ಬಂದ್ರು, ಬಿಳಿಯೆಳೆ ಕಟ್ಟೆಯೋರು ಬಂದ್ರು' ಅನ್ನೋಕೆ ಶುರು ಮಾಡಿದ್ರು. ಹೆಸರು ಹಂಗೆ ಕೆಳಗಿಂದ ಮೇಲಕ್ಕೆ ಹತ್ತಿ ಬಂತು. ಹಟ್ಟಿಯವರು ಇಟ್ಕೊಂಡ ಹೆಸರಲ್ಲ ಅದು, ಬೇಡ ಅನ್ನೋಕೆ ಬಾಯಿ ಇಲ್ಲದೆ ಒಪ್ಕೊಂಡ ಹೆಸರು.

ಈಗಲೂ ನೀವು ಹೋದ್ರೆ ಗುಡಿ ಒಳಗೆ ಕಂಬಳಿ ಹಾಸಿರ್ತದೆ. ಮೇಲುನೋಟಕ್ಕೆ ಪೂರ್ತಿ ಕಪ್ಪು. ಬಿಳಿ ಪಟ್ಟಿ ಎಲ್ಲೈತೆ ಅಂತ ಹುಡುಕಿದ್ರೆ ಕಾಣಲ್ಲ. ಒಂದು ಮೂಲೇಲಿ ಹಟ್ಟಿಯ ಅಜ್ಜ ಒಬ್ಬರು ಕೂತಿರ್ತಾರೆ, ಪಟ್ಟಿ ಇರೋ ಅಂಚನ್ನ ಒಳಕ್ಕೆ ಮಡಚಿ ತೊಡೆ ಕೆಳಗೆ ಹಾಕ್ಕೊಂಡು. ಎದ್ದೇಳಿ ಅಂತ ನೀವಾಗಿ ಕೇಳಬೇಕು. ಕೇಳಿದ್ರೆ ಇಲ್ಲ ಅನ್ನಲ್ಲ. ಮಂಡಿ ಹಿಡ್ಕೊಂಡು ನಿಧಾನಕ್ಕೆ ಏಳ್ತಾರೆ, ಅಂಚು ಬಿಡಿಸ್ತಾರೆ, ನೀವು ನೋಡಿ ಮುಗಿಸೋ ತನಕ ಗೋಡೆ ಕಡೆ ಮುಖ ಮಾಡಿ ನಿಂತಿರ್ತಾರೆ.